ದುರ್ಬಲ ವಯಸ್ಕರ ದೂರು ಪರಿಹಾರ ವ್ಯವಸ್ಥೆ (ಭಾರತ)

ದುರ್ಬಲ ವಯಸ್ಕರ ದೂರು ಪರಿಹಾರ ವ್ಯವಸ್ಥೆ ಎಂಬುದು, ವೃದ್ಧಾಪ್ಯ, ಅಂಗವೈಕಲ್ಯ, ಮಾನಸಿಕ ಅಸ್ವಸ್ಥತೆ ಮೊದಲಾದ ಕಾರಣಗಳಿಂದ ಇತರರ ಆರೈಕೆಯನ್ನು ಅವಲಂಬಿಸಿರುವ ವಯಸ್ಕರು ತಮಗೆ ಸಲ್ಲಬೇಕಾದ ಸೇವೆ ದೊರೆಯದಿದ್ದಾಗ, ಇಲ್ಲವೇ ಕಿರುಕುಳ, ನಿರ್ಲಕ್ಷ್ಯ, ವಂಚನೆಗಳಿಗೆ ಒಳಗಾದಾಗ ದೂರು ಸಲ್ಲಿಸಿ ಪರಿಹಾರ ಪಡೆಯಲು ಕಾನೂನು ಕಲ್ಪಿಸಿರುವ ಕ್ರಮಗಳ ಒಟ್ಟು ಹೆಸರು. ಭಾರತದಲ್ಲಿ ಇದಕ್ಕಾಗಿ ಒಂದೇ ಕಾಯ್ದೆಯಾಗಲಿ, ಒಂದೇ ಕಚೇರಿಯಾಗಲಿ ಇಲ್ಲ. ಹಿರಿಯ ನಾಗರಿಕರಿಗೆ 2007ರ ಕಾಯ್ದೆ, ಅಂಗವಿಕಲರಿಗೆ 2016ರ ಕಾಯ್ದೆ, ಮಾನಸಿಕ ಅಸ್ವಸ್ಥರಿಗೆ 2017ರ ಕಾಯ್ದೆ ಪ್ರತ್ಯೇಕ ಮಾರ್ಗಗಳನ್ನು ತೆರೆದಿವೆ. ಪಿಂಚಣಿ ಮುಂತಾದ ಸರ್ಕಾರಿ ಸೇವೆಗಳ ವಿಳಂಬಕ್ಕೆ ರಾಜ್ಯಗಳ ಸೇವಾ ಖಾತರಿ ಕಾಯ್ದೆಗಳು ಅನ್ವಯಿಸುತ್ತವೆ.

ಈ ಎಲ್ಲ ಕಾಯ್ದೆಗಳೂ ಎದುರಿಸಬೇಕಾದ ತೊಡಕು ಒಂದೇ. ದೂರಿನ ಅಗತ್ಯ ಯಾರಿಗೆ ಅತಿ ಹೆಚ್ಚೋ ಅವರೇ ದೂರು ಕೊಡಲು ಅತಿ ಕಡಿಮೆ ಶಕ್ತರು. ಆದ್ದರಿಂದ ಒಂದು ದೂರು ವ್ಯವಸ್ಥೆ ಎಷ್ಟು ಸಮರ್ಥವಾಗಿದೆ ಎಂಬುದನ್ನು ನೊಂದವರ ಪರವಾಗಿ ಬೇರೆ ಯಾರು ದೂರು ಕೊಡಬಹುದು, ದೂರು ಬಾರದಿದ್ದರೂ ಅಧಿಕಾರಿ ತಾನಾಗಿ ಕ್ರಮ ಕೈಗೊಳ್ಳಬಲ್ಲನೇ, ಎಷ್ಟು ದಿನಗಳಲ್ಲಿ ತೀರ್ಮಾನ ಬರುತ್ತದೆ ಎಂಬ ಮೂರು ಅಂಶಗಳಿಂದ ಅಳೆಯಬಹುದು.

ಪರಿಭಾಷೆ

‘ದುರ್ಬಲ ವಯಸ್ಕರು’ ಎಂಬ ಪದಕ್ಕೆ ಭಾರತದ ಯಾವುದೇ ಪ್ರಮುಖ ಕಾಯ್ದೆಯಲ್ಲಿ ಒಂದೇ ವ್ಯಾಖ್ಯೆ ಇಲ್ಲ. ಸಮಾಜಕಾರ್ಯದ ಅಧ್ಯಯನದಲ್ಲಿ ಇದು ಬ್ರಿಟನ್ನಿನ ಆಡಳಿತ ಭಾಷೆಯಿಂದ ಬಂದ ಪದ. ಭಾರತೀಯ ಕಾನೂನು ಆಯಾ ವರ್ಗವನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. 60 ವರ್ಷ ತುಂಬಿದ ಭಾರತದ ನಾಗರಿಕರು ಹಿರಿಯ ನಾಗರಿಕರು. 2016ರ ಕಾಯ್ದೆಯ ಅನುಸೂಚಿಯಲ್ಲಿ ಹೇಳಿರುವ 21 ಬಗೆಯ ವೈಕಲ್ಯಗಳಲ್ಲಿ ಒಂದನ್ನು ಹೊಂದಿರುವವರು ಅಂಗವಿಕಲರು. ಯೋಚನೆ, ಮನಃಸ್ಥಿತಿ, ಗ್ರಹಿಕೆ ಅಥವಾ ನೆನಪಿನ ಗಂಭೀರ ಏರುಪೇರಿನಿಂದ ನಿತ್ಯದ ವ್ಯವಹಾರ ನಡೆಸಲು ಕಷ್ಟಪಡುವವರು 2017ರ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಒಬ್ಬರೇ ವ್ಯಕ್ತಿ ಈ ಮೂರೂ ವರ್ಗಗಳಿಗೆ ಸೇರಿರಬಹುದು. ಉದಾಹರಣೆಗೆ, ಮರೆವಿನ ಕಾಯಿಲೆಯಿಂದ ಬಳಲುತ್ತ ನಡೆದಾಡಲಾಗದ 75 ವರ್ಷದ ಮಹಿಳೆಯ ವಿಷಯದಲ್ಲಿ ಮೂರೂ ಕಾಯ್ದೆಗಳನ್ನು ಪರಿಶೀಲಿಸಬೇಕಾಗುತ್ತದೆ.

ದೂರುಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಮೊದಲನೆಯದು ಸೇವೆಯ ಕೊರತೆಯನ್ನು ಕುರಿತದ್ದು: ಪಿಂಚಣಿ ನಿಂತುಹೋಗುವುದು, ಪ್ರಮಾಣಪತ್ರ ಸಿಗದಿರುವುದು, ಆಸ್ಪತ್ರೆ ಅಥವಾ ಆಶ್ರಮದಲ್ಲಿ ಸರಿಯಾದ ಆರೈಕೆ ಇಲ್ಲದಿರುವುದು. ಎರಡನೆಯದು ವ್ಯಕ್ತಿಯ ಮೇಲಿನ ಅನ್ಯಾಯವನ್ನು ಕುರಿತದ್ದು: ಹೊಡೆತ, ಬೈಗುಳ, ಅನ್ನ ನೀರು ಕೊಡದಿರುವುದು, ಕೂಡಿಹಾಕುವುದು, ಆಸ್ತಿ ಬರೆಸಿಕೊಂಡು ಕೈಬಿಡುವುದು. ಮೊದಲನೆಯದನ್ನು ಕುಂದುಕೊರತೆ ಎಂದೂ ಎರಡನೆಯದನ್ನು ದೌರ್ಜನ್ಯದ ದೂರು ಎಂದೂ ಕರೆಯುವುದು ರೂಢಿ. ಎರಡಕ್ಕೂ ಹೋಗಬೇಕಾದ ಕಚೇರಿಗಳು ಬೇರೆ.

ಹಿನ್ನೆಲೆ

ಸಂವಿಧಾನದ 41ನೇ ವಿಧಿಯು ವೃದ್ಧಾಪ್ಯ, ಅನಾರೋಗ್ಯ ಮತ್ತು ಅಂಗವೈಕಲ್ಯದ ಸಂದರ್ಭಗಳಲ್ಲಿ ಸಾರ್ವಜನಿಕ ನೆರವು ಒದಗಿಸುವಂತೆ ರಾಜ್ಯಕ್ಕೆ ನಿರ್ದೇಶನ ನೀಡುತ್ತದೆ. ಆದರೆ ಅದು ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲಿ ಒಂದಾದ್ದರಿಂದ ಅದರ ಆಧಾರದಲ್ಲಿ ನೇರವಾಗಿ ನ್ಯಾಯಾಲಯಕ್ಕೆ ಹೋಗಲು ಬರುವುದಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದ ತಂದೆ ತಾಯಿಗೆ ಮಕ್ಕಳಿಂದ ಜೀವನಾಂಶ ಕೇಳುವ ಹಕ್ಕು ಕೊಟ್ಟಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದೇ ಅವಕಾಶ 144ನೇ ಸೆಕ್ಷನ್‌ನಲ್ಲಿದೆ. ಆದರೆ ಅದಕ್ಕಾಗಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಿ ವಕೀಲರ ಮೂಲಕ ದಾವೆ ನಡೆಸುವುದು ವೃದ್ಧರಿಗೆ ಸುಲಭವಾಗಿರಲಿಲ್ಲ.

ಆಶ್ರಯಧಾಮಗಳ ಸ್ಥಿತಿಯನ್ನು ದೇಶದ ಕಣ್ಣಿಗೆ ಕಾಣಿಸಿದ್ದು ತಮಿಳುನಾಡಿನ ಏರ್ವಾಡಿ ದುರಂತ. ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರ ಮುಂಜಾನೆ ಖಾಸಗಿ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಂಧಿತರಾಗಿದ್ದ ಮಾನಸಿಕ ಅಸ್ವಸ್ಥರು ತಪ್ಪಿಸಿಕೊಳ್ಳಲಾಗದೆ 28 ಮಂದಿ ಸತ್ತರು. ಸರಪಳಿ ಹಾಕುವುದು ಅಲ್ಲಿ ಗುಟ್ಟಿನ ಸಂಗತಿಯಾಗಿರಲಿಲ್ಲ. ಒಳಗಿದ್ದವರ ಮಾತನ್ನು ದೂರೆಂದು ಸ್ವೀಕರಿಸುವ ಮಾರ್ಗ ಮಾತ್ರ ಅವರಿಗೆ ಎಟಕುವಂತಿರಲಿಲ್ಲ. ಸುಪ್ರೀಂ ಕೋರ್ಟ್ ಈ ಘಟನೆಯನ್ನು ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತು.

ಭಾರತವು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು 2007ರಲ್ಲಿ ಅನುಮೋದಿಸಿತು. 2016 ಮತ್ತು 2017ರ ಕಾಯ್ದೆಗಳು ಅದರ ಫಲ. ಅವು ಆರೈಕೆ ಪಡೆಯುವವರನ್ನು ದಯೆಗೆ ಪಾತ್ರರಾದವರೆಂದು ನೋಡದೆ ಹಕ್ಕುದಾರರೆಂದು ನೋಡುತ್ತವೆ.

ಹಿರಿಯ ನಾಗರಿಕರ ದೂರು

ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಹಾಗೂ ಕಲ್ಯಾಣ ಕಾಯ್ದೆ, 2007 ನ್ಯಾಯಾಲಯದ ಬದಲು ಕಂದಾಯ ಅಧಿಕಾರಿಯ ಮುಂದೆ ಸರಳ ವಿಚಾರಣೆ ನಡೆಯುವಂತೆ ಮಾಡಿತು. ಉಪವಿಭಾಗಾಧಿಕಾರಿಯ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿ ನ್ಯಾಯಮಂಡಳಿಯ ಅಧ್ಯಕ್ಷರಾಗಿರಬೇಕು. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಯೇ ಈ ಮಂಡಳಿಯನ್ನು ನಡೆಸುತ್ತಾರೆ. ಜಿಲ್ಲಾಧಿಕಾರಿಯ ಮುಂದೆ ಮೇಲ್ಮನವಿ ಸಲ್ಲುತ್ತದೆ.

ಅರ್ಜಿ ಸಲ್ಲಿಸುವವರು: ತಮ್ಮ ಗಳಿಕೆಯಿಂದಾಗಲಿ ಆಸ್ತಿಯಿಂದಾಗಲಿ ಜೀವನ ನಡೆಸಲಾಗದ ತಂದೆ, ತಾಯಿ, ಅಜ್ಜ, ಅಜ್ಜಿ ತಮ್ಮ ವಯಸ್ಕ ಮಕ್ಕಳ ಅಥವಾ ಮೊಮ್ಮಕ್ಕಳ ವಿರುದ್ಧ ಅರ್ಜಿ ಕೊಡಬಹುದು. ತಂದೆ ತಾಯಿಗೆ 60 ವರ್ಷ ತುಂಬಿರಬೇಕೆಂಬ ನಿಯಮವಿಲ್ಲ. ಮಕ್ಕಳಿಲ್ಲದ ಹಿರಿಯ ನಾಗರಿಕರು, ತಮ್ಮ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಅದಕ್ಕೆ ವಾರಸುದಾರರಾಗುವ ಸಂಬಂಧಿಕರ ವಿರುದ್ಧ ಅರ್ಜಿ ಕೊಡಬಹುದು. ಅರ್ಜಿದಾರರು ಅಶಕ್ತರಾಗಿದ್ದರೆ ಅವರು ಅಧಿಕಾರ ಕೊಟ್ಟ ಬೇರೆ ವ್ಯಕ್ತಿ ಅಥವಾ ನೋಂದಾಯಿತ ಸ್ವಯಂಸೇವಾ ಸಂಸ್ಥೆ ಅರ್ಜಿ ಸಲ್ಲಿಸಬಹುದು. ನ್ಯಾಯಮಂಡಳಿ ಸ್ವಯಂಪ್ರೇರಿತವಾಗಿಯೂ ಪ್ರಕರಣವನ್ನು ಕೈಗೆತ್ತಿಕೊಳ್ಳಬಹುದು. ಅರ್ಜಿದಾರರು ಈಗ ವಾಸಿಸುವ, ಕೊನೆಯದಾಗಿ ವಾಸಿಸಿದ್ದ ಅಥವಾ ಮಕ್ಕಳು ವಾಸಿಸುವ ಯಾವುದೇ ಜಿಲ್ಲೆಯಲ್ಲಿ ಅರ್ಜಿ ಕೊಡಬಹುದು. ಹೀಗಾಗಿ ಮಗನ ಮನೆ ಬಿಟ್ಟು ಮಗಳ ಊರಿಗೆ ಬಂದ ತಾಯಿ ಅಲ್ಲಿಂದಲೇ ಅರ್ಜಿ ಹಾಕಲು ಸಾಧ್ಯ.

ವಿಚಾರಣೆ: ನ್ಯಾಯಮಂಡಳಿ ಎದುರುದಾರರಿಗೆ ನೋಟಿಸು ಕಳುಹಿಸಿ ಇಬ್ಬರ ಮಾತನ್ನೂ ಕೇಳುತ್ತದೆ. ವಿಚಾರಣೆಗೆ ಮೊದಲು ಪ್ರಕರಣವನ್ನು ಸಂಧಾನಾಧಿಕಾರಿಗೆ ಒಪ್ಪಿಸಬಹುದು. ಅವರು ಒಂದು ತಿಂಗಳೊಳಗೆ ವರದಿ ಕೊಡಬೇಕು. ನೋಟಿಸು ತಲುಪಿದ 90 ದಿನಗಳೊಳಗೆ ಜೀವನಾಂಶದ ಅರ್ಜಿ ಇತ್ಯರ್ಥವಾಗಬೇಕು. ವಿಶೇಷ ಕಾರಣಗಳಿದ್ದರೆ ಅವುಗಳನ್ನು ಬರೆದಿಟ್ಟು ಒಮ್ಮೆ ಮಾತ್ರ 30 ದಿನ ವಿಸ್ತರಿಸಬಹುದು. ಈ ನಡುವೆ ಮಧ್ಯಂತರ ಮಾಸಿಕ ಭತ್ಯೆ ಕೊಡಿಸುವ ಅಧಿಕಾರವೂ ಮಂಡಳಿಗೆ ಇದೆ. ವಕೀಲರು ಹಾಜರಾಗುವಂತಿಲ್ಲ ಎಂದು 17ನೇ ಸೆಕ್ಷನ್ ಹೇಳುತ್ತದೆ. ಖರ್ಚು ಮತ್ತು ವಿಳಂಬ ಕಡಿಮೆಯಾಗಲೆಂಬುದು ಅದರ ಉದ್ದೇಶ. ಆದರೆ ಇದು 1961ರ ವಕೀಲರ ಕಾಯ್ದೆಗೆ ವಿರುದ್ಧವೆಂದು 2021ರಲ್ಲಿ ಕೇರಳ ಹೈಕೋರ್ಟ್ ತೀರ್ಪು ನೀಡಿದೆ. ವಕೀಲರಿಲ್ಲದ ಹಿರಿಯರು ಬಯಸಿದರೆ 18ನೇ ಸೆಕ್ಷನ್ ಪ್ರಕಾರ ನೇಮಕಗೊಂಡ ನಿರ್ವಹಣಾಧಿಕಾರಿ ಅವರನ್ನು ಪ್ರತಿನಿಧಿಸಬಹುದು.

ಆದೇಶ ಮತ್ತು ಜಾರಿ: ಅನ್ನ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆ ಎಲ್ಲವೂ ಜೀವನಾಂಶದಲ್ಲಿ ಸೇರುತ್ತವೆ. ಅದರ ಗರಿಷ್ಠ ಮಿತಿಯನ್ನು ರಾಜ್ಯ ಸರ್ಕಾರ ನಿಗದಿಪಡಿಸುತ್ತದೆ. ಆದರೆ ಅದು ತಿಂಗಳಿಗೆ 10,000 ರೂಪಾಯಿ ಮೀರುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ. ಆದೇಶವಾದ 30 ದಿನಗಳೊಳಗೆ ಹಣ ಕಟ್ಟಬೇಕು. ಕಾರಣವಿಲ್ಲದೆ ಕಟ್ಟದವರ ವಿರುದ್ಧ ವಾರಂಟ್ ಹೊರಡಿಸಿ, ಒಂದು ತಿಂಗಳವರೆಗೆ ಅಥವಾ ಹಣ ಕಟ್ಟುವವರೆಗೆ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಸೆರೆವಾಸ ವಿಧಿಸಬಹುದು. ವಾರಂಟಿಗಾಗಿ ಬಾಕಿ ಬಿದ್ದ 3 ತಿಂಗಳೊಳಗೆ ಅರ್ಜಿ ಕೊಡಬೇಕು. ಈ ಗಡುವು ತಿಳಿಯದೆ ಬಾಕಿ ಕಳೆದುಕೊಳ್ಳುವ ಸಾಧ್ಯತೆ ಇದೆ. ಹಿರಿಯರನ್ನು ಎಲ್ಲಿಯಾದರೂ ಬಿಟ್ಟು ಕೈತೊಳೆದುಕೊಳ್ಳುವುದು 24ನೇ ಸೆಕ್ಷನ್ ಪ್ರಕಾರ ಅಪರಾಧ. ಅದಕ್ಕೆ 3 ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಮೇಲ್ಮನವಿ: ನ್ಯಾಯಮಂಡಳಿಯ ಆದೇಶದಿಂದ ನೊಂದ ಹಿರಿಯ ನಾಗರಿಕರು ಅಥವಾ ಪೋಷಕರು 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಮಕ್ಕಳಿಗೂ ಮೇಲ್ಮನವಿಯ ಹಕ್ಕಿದೆಯೇ ಎಂಬ ಬಗ್ಗೆ ಹೈಕೋರ್ಟ್‌ಗಳಲ್ಲಿ ಭಿನ್ನ ಅಭಿಪ್ರಾಯಗಳು ವ್ಯಕ್ತವಾಗಿವೆ.

ಆಸ್ತಿ ಬರೆದುಕೊಟ್ಟವರ ದೂರು

23ನೇ ಸೆಕ್ಷನ್ ಈ ಕಾಯ್ದೆಯಲ್ಲಿ ಹೆಚ್ಚು ಬಳಕೆಯಾಗುವ ಮತ್ತು ಹೆಚ್ಚು ವಿವಾದಕ್ಕೀಡಾದ ಭಾಗ. ಕಾಯ್ದೆ ಜಾರಿಯಾದ ನಂತರ ಹಿರಿಯ ನಾಗರಿಕರೊಬ್ಬರು ತಮ್ಮ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನಪತ್ರದಿಂದಲೋ ಬೇರೆ ರೀತಿಯಲ್ಲೋ ಆಸ್ತಿ ವರ್ಗಾಯಿಸಿದ್ದು, ಪಡೆದವರು ಆ ಷರತ್ತನ್ನು ಪಾಲಿಸದಿದ್ದರೆ, ಆ ವರ್ಗಾವಣೆ ವಂಚನೆ ಅಥವಾ ಬಲವಂತದಿಂದ ಆದದ್ದೆಂದು ಭಾವಿಸಿ ಅದನ್ನು ಅನೂರ್ಜಿತಗೊಳಿಸಬಹುದು. ಅಶಕ್ತರ ಪರವಾಗಿ ನೋಂದಾಯಿತ ಸಂಸ್ಥೆ ಇಲ್ಲಿಯೂ ಕ್ರಮಕ್ಕೆ ಮುಂದಾಗಬಹುದು.

‘ನೋಡಿಕೊಳ್ಳಬೇಕು’ ಎಂಬ ಷರತ್ತು ದಾನಪತ್ರದಲ್ಲಿ ಬರೆದಿರಬೇಕೇ ಎಂಬುದೇ ಮುಖ್ಯ ಪ್ರಶ್ನೆ. ಮಕ್ಕಳ ಮೇಲಿನ ನಂಬಿಕೆಯಿಂದ ಹೆಚ್ಚಿನ ತಂದೆ ತಾಯಿ ಅಂತಹ ಷರತ್ತನ್ನು ಬರೆಸುವುದಿಲ್ಲ. ಪ್ರೀತಿಯಿಂದ ಬರೆದುಕೊಟ್ಟ ಪತ್ರದಲ್ಲಿ ‘ಪ್ರೀತಿ ವಿಶ್ವಾಸದಿಂದ’ ಎಂಬ ಪದಗಳಷ್ಟೇ ಇರುತ್ತವೆ. ಅಂತಹ ಷರತ್ತು ಇತ್ತೆಂಬುದನ್ನು ಅರ್ಜಿದಾರರು ಹೇಳಿ ರುಜುವಾತುಪಡಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು. 2025ರ ಜನವರಿಯಲ್ಲಿ ನೀಡಿದ ಮತ್ತೊಂದು ತೀರ್ಪಿನಲ್ಲಿ, ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾಯ್ದೆಯಾದ್ದರಿಂದ ಉದಾರವಾಗಿ ಅರ್ಥೈಸಬೇಕೆಂದೂ, ನ್ಯಾಯಮಂಡಳಿಯು ಆಸ್ತಿಯ ಸ್ವಾಧೀನವನ್ನು ಹಿಂದಿರುಗಿಸುವ ಆದೇಶ ಮಾಡಬಹುದೆಂದೂ ಹೇಳಿತು. ಈ ತೀರ್ಪುಗಳಿಂದ, ದಾನಪತ್ರ ನೋಂದಾಯಿಸುವಾಗಲೇ ಪಾಲನೆಯ ಷರತ್ತನ್ನು ಸ್ಪಷ್ಟವಾಗಿ ಬರೆಸುವುದರ ಮಹತ್ವ ಎದ್ದುಕಾಣುತ್ತದೆ.

ಈ ಕಾಯ್ದೆ ಮತ್ತೊಬ್ಬ ದುರ್ಬಲರ ವಿರುದ್ಧ ಬಳಕೆಯಾಗುವ ಅಪಾಯವೂ ಇದೆ. ಬೆಂಗಳೂರಿನ ಪ್ರಕರಣವೊಂದರಲ್ಲಿ ಅತ್ತೆ ಮಾವಂದಿರ ಅರ್ಜಿಯ ಮೇಲೆ ಸೊಸೆಯನ್ನು ಮನೆಯಿಂದ ಹೊರಹಾಕುವ ಆದೇಶವಾಗಿತ್ತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು ಮಹಿಳೆಗೆ ಕೊಟ್ಟಿರುವ ವಾಸದ ಹಕ್ಕನ್ನು 2007ರ ಕಾಯ್ದೆಯ ಸಂಕ್ಷಿಪ್ತ ವಿಚಾರಣೆಯಿಂದ ಕಿತ್ತುಕೊಳ್ಳಲಾಗದು, ಎರಡನ್ನೂ ಹೊಂದಿಸಿ ಓದಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು.

ಅಂಗವಿಕಲರ ದೂರು

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಇದರ 7ನೇ ಸೆಕ್ಷನ್ ದೌರ್ಜನ್ಯ, ಹಿಂಸೆ ಮತ್ತು ಶೋಷಣೆಗಳಿಂದ ರಕ್ಷಣೆ ನೀಡುತ್ತದೆ. ಇಂತಹ ಕೃತ್ಯ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯುವ ಸಂಭವವಿದೆ ಎಂದು ನಂಬಲು ಕಾರಣವಿರುವ ಯಾವುದೇ ವ್ಯಕ್ತಿ ಅಥವಾ ನೋಂದಾಯಿತ ಸಂಸ್ಥೆ ಆ ಪ್ರದೇಶದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಮಾಹಿತಿ ಕೊಡಬಹುದು. ನೊಂದವರ ಅಧಿಕಾರಪತ್ರ ಬೇಕೆಂದು ಇಲ್ಲಿ ಹೇಳಿಲ್ಲ. ನೆರೆಮನೆಯವರು, ಶಿಕ್ಷಕರು, ಆಶಾ ಕಾರ್ಯಕರ್ತೆಯರು ಯಾರು ಬೇಕಾದರೂ ತಿಳಿಸಬಹುದು. ದಂಡಾಧಿಕಾರಿಯು ವ್ಯಕ್ತಿಯನ್ನು ಪಾರುಮಾಡಲು, ಸುರಕ್ಷಿತ ಆಶ್ರಯ ಒದಗಿಸಲು, ಜೀವನಾಂಶ ಕೊಡಿಸಲು ಆದೇಶಿಸಬಹುದು. ದೂರು ಪೊಲೀಸರಿಗೆ ಬಂದರೆ, ನೊಂದವರಿಗೆ ರಕ್ಷಣೆ ಕೋರುವ ಹಕ್ಕು, ದಂಡಾಧಿಕಾರಿಯ ವಿವರ, ಹತ್ತಿರದ ಪುನರ್ವಸತಿ ಸಂಸ್ಥೆ ಮತ್ತು ಉಚಿತ ಕಾನೂನು ನೆರವಿನ ಬಗ್ಗೆ ತಿಳಿಸುವುದು ಪೊಲೀಸ್ ಅಧಿಕಾರಿಯ ಕರ್ತವ್ಯ. ಅಂಗವಿಕಲರನ್ನು ಸಾರ್ವಜನಿಕವಾಗಿ ಅವಮಾನಿಸುವುದು, ಅವರ ಮೇಲೆ ಹಲ್ಲೆ ನಡೆಸುವುದು, ತಮ್ಮ ಹಿಡಿತದಲ್ಲಿರುವವರಿಗೆ ಬೇಕೆಂದೇ ಅನ್ನ ನೀರು ಕೊಡದಿರುವುದು ಮುಂತಾದ ಅಪರಾಧಗಳಿಗೆ 92ನೇ ಸೆಕ್ಷನ್ 6 ತಿಂಗಳಿನಿಂದ 5 ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸುತ್ತದೆ.

ಸೇವೆ ಮತ್ತು ಸೌಲಭ್ಯಗಳ ಕೊರತೆಯ ದೂರುಗಳನ್ನು ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ಸಲ್ಲಿಸಬಹುದು. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಆಯುಕ್ತರು ಕೊಡುವುದು ಶಿಫಾರಸು. ಸಂಬಂಧಪಟ್ಟ ಪ್ರಾಧಿಕಾರವು ಅದರ ಮೇಲೆ ಕ್ರಮ ಕೈಗೊಂಡು 3 ತಿಂಗಳೊಳಗೆ ತಿಳಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು. ಕರ್ನಾಟಕದಲ್ಲಿ ಅಂಗವಿಕಲರು ಮತ್ತು ಹಿರಿಯರಿಗೆ ಒಂದೇ ಇಲಾಖೆಯಿದ್ದು, ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಮತ್ತು ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂಗವಿಕಲರಿಗೂ ಇಲಾಖೆಗೂ ನಡುವಿನ ಕೊಂಡಿಯಾಗಿದ್ದಾರೆ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಮತ್ತು ಬಹುವಿಧ ವೈಕಲ್ಯವಿರುವ ವಯಸ್ಕರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಯನ್ನು ಒಳಗೊಂಡ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ. ನೇಮಕಗೊಂಡ ಪಾಲಕರೇ ವ್ಯಕ್ತಿಯನ್ನು ಹಿಂಸಿಸಿದರೆ, ನಿರ್ಲಕ್ಷಿಸಿದರೆ ಅಥವಾ ಆಸ್ತಿಯನ್ನು ದುರುಪಯೋಗಪಡಿಸಿಕೊಂಡರೆ ಅವರನ್ನು ತೆಗೆಯುವಂತೆ ತಂದೆ ತಾಯಿ, ಸಂಬಂಧಿಕರು ಅಥವಾ ನೋಂದಾಯಿತ ಸಂಸ್ಥೆ ಸಮಿತಿಗೆ ಅರ್ಜಿ ಕೊಡಬಹುದು. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಮಾಡಬೇಕೆಂಬುದಕ್ಕೆ ಈ ಕಾಯ್ದೆಯ 17ನೇ ಸೆಕ್ಷನ್ ನೇರ ಉತ್ತರ.

ಮಾನಸಿಕ ಅಸ್ವಸ್ಥರ ದೂರು

ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017 ದೂರಿನ ಮೆಟ್ಟಿಲುಗಳನ್ನು ಅತ್ಯಂತ ಸ್ಪಷ್ಟವಾಗಿ ಹೇಳಿರುವ ಭಾರತೀಯ ಕಾಯ್ದೆಗಳಲ್ಲಿ ಒಂದು. ಆರೈಕೆ, ಚಿಕಿತ್ಸೆ ಅಥವಾ ಸೇವೆಯಲ್ಲಿ ಕೊರತೆ ಕಂಡರೆ ರೋಗಿ ಅಥವಾ ಅವರ ನಾಮನಿರ್ದೇಶಿತ ಪ್ರತಿನಿಧಿ 28ನೇ ಸೆಕ್ಷನ್ ಪ್ರಕಾರ ಮೊದಲು ಆ ಸಂಸ್ಥೆಯ ಉಸ್ತುವಾರಿ ವೈದ್ಯಾಧಿಕಾರಿಗೆ, ಅಲ್ಲಿ ತೃಪ್ತಿಯಾಗದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ, ಅಲ್ಲಿಯೂ ತೃಪ್ತಿಯಾಗದಿದ್ದರೆ ರಾಜ್ಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಇದರಿಂದ ನ್ಯಾಯಾಲಯಕ್ಕೆ ಹೋಗುವ ಹಕ್ಕಿಗೆ ಧಕ್ಕೆಯಿಲ್ಲ.

ಪರಿಶೀಲನಾ ಮಂಡಳಿ ಒಂದು ಜಿಲ್ಲೆಗೆ ಅಥವಾ ಕೆಲವು ಜಿಲ್ಲೆಗಳ ಗುಂಪಿಗೆ ಇರುತ್ತದೆ. ಹಾಲಿ ಅಥವಾ ನಿವೃತ್ತ ಜಿಲ್ಲಾ ನ್ಯಾಯಾಧೀಶರು, ಇಲ್ಲವೇ ಆ ಹುದ್ದೆಗೆ ಅರ್ಹರಾದ ನ್ಯಾಯಾಂಗ ಅಧಿಕಾರಿ ಅದರ ಅಧ್ಯಕ್ಷರು. ಜಿಲ್ಲಾಧಿಕಾರಿಯ ಪ್ರತಿನಿಧಿ, ಒಬ್ಬ ಮನೋವೈದ್ಯರು, ಮತ್ತೊಬ್ಬ ವೈದ್ಯರು ಸದಸ್ಯರು. ಇನ್ನಿಬ್ಬರು ಸದಸ್ಯರನ್ನು ಮಾನಸಿಕ ಅಸ್ವಸ್ಥತೆಯನ್ನು ಅನುಭವಿಸಿದವರು, ಆರೈಕೆದಾರರು ಅಥವಾ ಸ್ವಯಂಸೇವಾ ಸಂಸ್ಥೆಗಳ ಪ್ರತಿನಿಧಿಗಳಿಂದ ಆರಿಸಲಾಗುತ್ತದೆ. ಮಂಡಳಿಗೆ ಅರ್ಜಿ ಸಲ್ಲಿಸಲು ಶುಲ್ಕವಿಲ್ಲ. ರೋಗಿಯ ಒಪ್ಪಿಗೆ ಪಡೆದು ನೋಂದಾಯಿತ ಸಂಸ್ಥೆಯೂ ಅರ್ಜಿ ಕೊಡಬಹುದು. ವಿಶೇಷ ಸಂದರ್ಭಗಳಲ್ಲಿ ದಾಖಲಾಗಿರುವ ರೋಗಿಯ ಮೌಖಿಕ ಅಥವಾ ದೂರವಾಣಿ ಅರ್ಜಿಯನ್ನೂ ಮಂಡಳಿ ಸ್ವೀಕರಿಸಬಹುದು. ಕಾಗದ ಲೇಖನಿ ಸಿಗದ ಕೋಣೆಯಲ್ಲಿರುವವರಿಗೆ ಈ ಒಂದು ಸಾಲು ಬಹು ದೊಡ್ಡ ಅವಕಾಶ. ಸಾಮಾನ್ಯ ಅರ್ಜಿಗಳು 90 ದಿನಗಳಲ್ಲಿ ಇತ್ಯರ್ಥವಾಗಬೇಕು. ಇಚ್ಛೆಗೆ ವಿರುದ್ಧವಾಗಿ ದಾಖಲಿಸಿರುವುದನ್ನು ಪ್ರಶ್ನಿಸುವ ಅರ್ಜಿಗಳಿಗೆ ಇದಕ್ಕಿಂತ ಬಹಳ ಕಡಿಮೆ ಅವಧಿ ನಿಗದಿಯಾಗಿದೆ. ಮಂಡಳಿಯ ತೀರ್ಮಾನದ ಮೇಲೆ 30 ದಿನಗಳಲ್ಲಿ ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಬಹುದು.

ಸಂಸ್ಥೆಯ ಒಳಗಿರುವವರು ಹೊರಗಿನವರೊಡನೆ ಮಾತನಾಡಲು ಸಾಧ್ಯವಿಲ್ಲದಿದ್ದರೆ ದೂರಿನ ಹಕ್ಕಿಗೆ ಅರ್ಥವಿಲ್ಲ. ಆದ್ದರಿಂದ 26ನೇ ಸೆಕ್ಷನ್ ಭೇಟಿ, ದೂರವಾಣಿ ಮತ್ತು ಪತ್ರ ವ್ಯವಹಾರದ ಹಕ್ಕು ಕೊಟ್ಟಿದೆ. ನ್ಯಾಯಾಧೀಶರು, ಮಂಡಳಿಯ ಸದಸ್ಯರು, ನಾಮನಿರ್ದೇಶಿತ ಪ್ರತಿನಿಧಿ ಹಾಗೂ ವಕೀಲರೊಡನೆ ಸಂಪರ್ಕವನ್ನು ಸಂಸ್ಥೆ ತಡೆಯುವಂತಿಲ್ಲ. ಸರಪಳಿಯಲ್ಲಿ ಬಂಧಿಸುವುದನ್ನು 95ನೇ ಸೆಕ್ಷನ್ ಸಂಪೂರ್ಣವಾಗಿ ನಿಷೇಧಿಸಿದೆ. ಸಂಸ್ಥೆಯು ಕನಿಷ್ಠ ಮಾನದಂಡಗಳನ್ನು ಪಾಲಿಸುತ್ತಿಲ್ಲವೆಂದು ಯಾರು ಬೇಕಾದರೂ ದೂರು ಕೊಡಬಹುದು. ದೂರಿಲ್ಲದೆಯೂ ಪ್ರಾಧಿಕಾರ ತಪಾಸಣೆ ನಡೆಸಬಹುದು. ಮನೆಯೊಳಗೆ ಹಿಂಸೆ ಅಥವಾ ನಿರ್ಲಕ್ಷ್ಯಕ್ಕೊಳಗಾದ ಮಾನಸಿಕ ಅಸ್ವಸ್ಥರ ಬಗ್ಗೆ ಯಾರಾದರೂ ಠಾಣಾಧಿಕಾರಿಗೆ ತಿಳಿಸಬಹುದು. ಅದನ್ನು ನಂಬಲು ಕಾರಣವಿದ್ದರೆ ಠಾಣಾಧಿಕಾರಿ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು.

ಪಿಂಚಣಿ ಮತ್ತು ಸರ್ಕಾರಿ ಸೇವೆಗಳ ದೂರು

ಕರ್ನಾಟಕದಲ್ಲಿ ವೃದ್ಧಾಪ್ಯ ವೇತನ, ಸಂಧ್ಯಾ ಸುರಕ್ಷಾ ಮತ್ತು ಅಂಗವಿಕಲರ ಮಾಸಾಶನದ ಅರ್ಜಿಗಳನ್ನು ನಾಡಕಚೇರಿಯಲ್ಲಿ ಸಲ್ಲಿಸಲಾಗುತ್ತದೆ. ಇವು ‘ಸಕಾಲ’ ಎಂದು ಹೆಸರಾದ ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಕಾಯ್ದೆ, 2011ರ ವ್ಯಾಪ್ತಿಗೆ ಬರುತ್ತವೆ. ಅರ್ಜಿ ಕೊಟ್ಟಾಗ ಸಿಗುವ ಸಂಖ್ಯೆಯುಳ್ಳ ಸ್ವೀಕೃತಿ ಪತ್ರವೇ ಮುಂದಿನ ದೂರಿಗೆ ಆಧಾರ. ಗಡುವು ಮೀರಿದರೆ ಸಕ್ಷಮ ಅಧಿಕಾರಿಗೆ, ಅನಂತರ ಮೇಲ್ಮನವಿ ಪ್ರಾಧಿಕಾರಕ್ಕೆ ಮೊರೆಹೋಗಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚ ಸಿಗುತ್ತದೆ. ಮಂಜೂರಾದ ಪಿಂಚಣಿ ಮಧ್ಯದಲ್ಲಿ ನಿಂತರೆ ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಡುವುದು ಮತ್ತು ಕಂದಾಯ ಇಲಾಖೆಯ ಪಿಂಚಣಿ ಅದಾಲತ್‌ಗೆ ಹಾಜರಾಗುವುದು ರೂಢಿಯ ಮಾರ್ಗ. ಅರ್ಜಿಯ ಸ್ಥಿತಿ ತಿಳಿಯಲು ಮಾಹಿತಿ ಹಕ್ಕು ಕಾಯ್ದೆ, 2005ರ ಪ್ರಕಾರ ಕೇಳಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು.

ಇತರ ವೇದಿಕೆಗಳು

ಮಾನವ ಹಕ್ಕುಗಳ ಆಯೋಗ: 1993ರ ಕಾಯ್ದೆಯ ಪ್ರಕಾರ ರಚನೆಯಾದ ರಾಷ್ಟ್ರೀಯ ಮತ್ತು ರಾಜ್ಯ ಆಯೋಗಗಳಿಗೆ ನೊಂದವರು ಅಥವಾ ಅವರ ಪರವಾಗಿ ಬೇರೆಯವರು ಶುಲ್ಕವಿಲ್ಲದೆ ದೂರು ಕೊಡಬಹುದು. ಘಟನೆ ನಡೆದ ಒಂದು ವರ್ಷದೊಳಗೆ ದೂರು ಸಲ್ಲಬೇಕು. ಸರ್ಕಾರದ ಹಿಡಿತದಲ್ಲಿರುವ ಆಸ್ಪತ್ರೆ, ಆಶ್ರಯಧಾಮಗಳಿಗೆ ಭೇಟಿ ಕೊಟ್ಟು ಪರಿಶೀಲಿಸುವ ಅಧಿಕಾರ ಆಯೋಗಕ್ಕಿದೆ.

ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ: ವೃದ್ಧ ತಾಯಿ, ಅಂಗವಿಕಲ ಸಹೋದರಿ ಮೊದಲಾದ ಎಲ್ಲ ವಯಸ್ಸಿನ ಮಹಿಳೆಯರಿಗೂ ಇದು ಅನ್ವಯಿಸುತ್ತದೆ. ದೌರ್ಜನ್ಯದ ಬಗ್ಗೆ ಸಂರಕ್ಷಣಾಧಿಕಾರಿಗೆ ಯಾರು ಬೇಕಾದರೂ ಮಾಹಿತಿ ಕೊಡಬಹುದು. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ.

ಗ್ರಾಹಕ ಆಯೋಗ: ಹಣ ಪಡೆದು ಆರೈಕೆ ನೀಡುವ ಖಾಸಗಿ ಸಂಸ್ಥೆಗಳ ಸೇವಾ ನ್ಯೂನತೆಯ ಬಗ್ಗೆ 2 ವರ್ಷದೊಳಗೆ ದೂರು ಸಲ್ಲಿಸಬಹುದು.

ಕಾನೂನು ಸೇವಾ ಪ್ರಾಧಿಕಾರ: ಮಹಿಳೆಯರು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಮಟ್ಟದಲ್ಲಿಯೂ ಇದರ ಸಮಿತಿಗಳಿವೆ.

ಸಹಾಯವಾಣಿಗಳು: ಹಿರಿಯ ನಾಗರಿಕರಿಗೆ 14567, ಮಾನಸಿಕ ಆರೋಗ್ಯಕ್ಕೆ 14416, ಕಾನೂನು ನೆರವಿಗೆ 15100, ತುರ್ತು ಸಂದರ್ಭಕ್ಕೆ 112.

ದೂರಿನ ಸ್ವರೂಪ

ಈ ವೇದಿಕೆಗಳಲ್ಲಿ ಬಹುಪಾಲು ಕಡೆ ಸರಳ ಕನ್ನಡದಲ್ಲಿ ಬರೆದ ಅರ್ಜಿ ಸಾಕು. ನೊಂದವರ ಹೆಸರು, ವಯಸ್ಸು, ಈಗ ಇರುವ ಸ್ಥಳ, ಆರೈಕೆ ಮಾಡುವವರು ಯಾರು, ಏನು, ಯಾವಾಗ, ಎಲ್ಲಿ ನಡೆಯಿತು, ಕಂಡವರು ಯಾರು, ಈ ಮೊದಲು ಯಾರಿಗೆ ತಿಳಿಸಲಾಗಿತ್ತು, ಬೇಕಾಗಿರುವ ಪರಿಹಾರವೇನು ಎಂಬ ವಿವರಗಳಿದ್ದರೆ ವಿಚಾರಣೆ ಸುಗಮವಾಗುತ್ತದೆ. ಸಹಿ ಮಾಡಲಾಗದವರು ಹೆಬ್ಬೆರಳಿನ ಗುರುತು ಹಾಕಬಹುದು. ಪರವಾಗಿ ಸಲ್ಲಿಸುವವರು ತಮಗೂ ನೊಂದವರಿಗೂ ಇರುವ ಸಂಬಂಧವನ್ನು ತಿಳಿಸಬೇಕು. ವೈದ್ಯರ ಚೀಟಿ, ಬ್ಯಾಂಕ್ ಪಾಸ್‌ಬುಕ್, ದಾನಪತ್ರದ ಪ್ರತಿ ಮುಂತಾದವನ್ನು ಲಗತ್ತಿಸಿ, ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಪಡೆಯುವುದು ಮುಖ್ಯ. ಗಡುವಿನ ಲೆಕ್ಕಕ್ಕೆ ಅದೇ ಆಧಾರವಾಗುತ್ತದೆ. ಜೀವಕ್ಕೆ ಅಪಾಯವಿರುವಾಗ ಅರ್ಜಿಗೆ ಕಾಯದೆ ಪೊಲೀಸರಿಗೆ ತಿಳಿಸಬೇಕು.

ಇಂಗ್ಲೆಂಡಿನ ಪದ್ಧತಿಯೊಡನೆ ಹೋಲಿಕೆ

‘ದುರ್ಬಲ ವಯಸ್ಕರು’ ಎಂಬ ಪದ ಆಡಳಿತದಲ್ಲಿ ಬೆಳೆದ ಇಂಗ್ಲೆಂಡಿನಲ್ಲಿ ಸಾಮಾಜಿಕ ಆರೈಕೆ ಸ್ಥಳೀಯ ಸಂಸ್ಥೆಗಳ ಹೊಣೆ. 2009ರ ನಿಯಮಗಳಂತೆ ಘಟನೆ ನಡೆದ ಅಥವಾ ತಿಳಿದ 12 ತಿಂಗಳೊಳಗೆ ದೂರು ಕೊಡಬೇಕು. ಸಂಸ್ಥೆಯು 3 ಕೆಲಸದ ದಿನಗಳಲ್ಲಿ ಸ್ವೀಕೃತಿ ತಿಳಿಸಬೇಕು. ಉತ್ತರ ತೃಪ್ತಿ ಕೊಡದಿದ್ದರೆ ಸ್ವತಂತ್ರ ಒಂಬುಡ್ಸ್‌ಮನ್‌ಗೆ ಹೋಗಬಹುದು. 2014ರ ಆರೈಕೆ ಕಾಯ್ದೆಯು ತಾನೇ ಮಾತನಾಡಲು ಕಷ್ಟಪಡುವ, ನೆರವಿಗೆ ತಕ್ಕ ಬಂಧು ಮಿತ್ರರೂ ಇಲ್ಲದ ವ್ಯಕ್ತಿಗೆ ರಕ್ಷಣಾ ವಿಚಾರಣೆಯಲ್ಲಿ ಸ್ವತಂತ್ರ ಪ್ರತಿನಿಧಿಯನ್ನು ಒದಗಿಸುವುದನ್ನು ಸ್ಥಳೀಯ ಸಂಸ್ಥೆಯ ಕರ್ತವ್ಯವಾಗಿಸಿದೆ. ಇಂತಹ ಕಡ್ಡಾಯ ಪ್ರತಿನಿಧಿ ವ್ಯವಸ್ಥೆ ಭಾರತದಲ್ಲಿ ಇಲ್ಲ.

ಆದರೆ ನಿಯಮಗಳಿದ್ದ ಮಾತ್ರಕ್ಕೆ ದೂರು ಕಿವಿಗೆ ಬೀಳುತ್ತದೆ ಎನ್ನಲಾಗದು. ಬ್ರಿಸ್ಟಲ್ ಸಮೀಪದ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಕಲಿಕಾ ವೈಕಲ್ಯವುಳ್ಳವರ ಮೇಲೆ ನಡೆಯುತ್ತಿದ್ದ ಹಿಂಸೆಯ ಬಗ್ಗೆ ಅಲ್ಲಿನ ಹಿರಿಯ ಶುಶ್ರೂಷಕರೊಬ್ಬರು ಕೊಟ್ಟ ಎಚ್ಚರಿಕೆಯ ಮೇಲೆ ಸಕಾಲದಲ್ಲಿ ಕ್ರಮವಾಗಲಿಲ್ಲ. 2011ರ ಮೇ 31ರಂದು ಬಿಬಿಸಿಯ ಪನೋರಮಾ ಕಾರ್ಯಕ್ರಮ ಗುಪ್ತ ಚಿತ್ರೀಕರಣವನ್ನು ಪ್ರಸಾರ ಮಾಡಿದ ಮೇಲೆಯೇ ಆಸ್ಪತ್ರೆ ಮುಚ್ಚಿತು. 11 ಮಂದಿಗೆ ಶಿಕ್ಷೆಯಾಯಿತು, ಅವರಲ್ಲಿ 6 ಮಂದಿ ಸೆರೆವಾಸಕ್ಕೆ ಹೋದರು.

ಮಿತಿಗಳು ಮತ್ತು ಟೀಕೆ

ಭಯ ಮತ್ತು ಅವಲಂಬನೆ: ದೂರು ಕೊಟ್ಟ ರಾತ್ರಿ ಅದೇ ಮನೆಯಲ್ಲಿ, ಅದೇ ಕೈಗಳಿಂದ ಊಟ ಮಾಡಬೇಕಾದ ಸ್ಥಿತಿ ಅನೇಕರದು. ಮನೆಯ ಮರ್ಯಾದೆ ಬೀದಿಗೆ ಬರುತ್ತದೆಂಬ ಸಂಕೋಚವೂ ಮಕ್ಕಳ ಮೇಲಿನ ಮಮತೆಯೂ ಬಾಯಿ ಕಟ್ಟುತ್ತವೆ. ವಿಚಾರಣೆಯ ಅವಧಿಯಲ್ಲಿ ದೂರುದಾರರು ಸುರಕ್ಷಿತವಾಗಿ ತಂಗಲು ಸ್ಥಳವಿಲ್ಲದಿದ್ದರೆ ಆದೇಶದಿಂದ ಪ್ರಯೋಜನ ಕಡಿಮೆ. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಬಡ ಹಿರಿಯರಿಗೆ ಸ್ಥಳವಿರುವ ಒಂದಾದರೂ ವೃದ್ಧಾಶ್ರಮ ಇರಬೇಕೆಂಬ ಆಶಯ 2007ರ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿದೆ. ಆದರೆ ರಾಜ್ಯಗಳು ಅದನ್ನು ‘ಸ್ಥಾಪಿಸಬಹುದು’ ಎಂದಿದೆಯೇ ಹೊರತು ‘ಸ್ಥಾಪಿಸತಕ್ಕದ್ದು’ ಎಂದಿಲ್ಲ.

ಖಾಸಗಿ ವೃದ್ಧಾಶ್ರಮಗಳು: 2007ರ ಕಾಯ್ದೆಯ ನ್ಯಾಯಮಂಡಳಿ ಮಕ್ಕಳ ಮತ್ತು ಸಂಬಂಧಿಕರ ವಿರುದ್ಧದ ಅರ್ಜಿಗಳಿಗಾಗಿ ಇದೆ. ಖಾಸಗಿ ವೃದ್ಧಾಶ್ರಮದ ವಿರುದ್ಧ ದೂರು ಕೊಡುವ ಕ್ರಮ ಅದರಲ್ಲಿ ಇಲ್ಲ. ಇಂತಹ ಆಶ್ರಮಗಳ ನೋಂದಣಿ, ಜೀವನಾಂಶದ ಗರಿಷ್ಠ ಮಿತಿಯ ರದ್ದತಿ ಮುಂತಾದ ಅಂಶಗಳಿದ್ದ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು. ಅದು ಅಂಗೀಕಾರವಾಗದೆ, 2024ರಲ್ಲಿ 17ನೇ ಲೋಕಸಭೆಯ ಅವಧಿ ಮುಗಿದಾಗ ರದ್ದಾಯಿತು.

ಹಂಚಿಹೋದ ಹೊಣೆ: ಒಂದೇ ವ್ಯಕ್ತಿಯ ಸಂಕಟಕ್ಕೆ ಉಪವಿಭಾಗಾಧಿಕಾರಿ, ತಹಶೀಲ್ದಾರ್, ಆಯುಕ್ತರು, ಪರಿಶೀಲನಾ ಮಂಡಳಿ, ಪೊಲೀಸ್ ಎಂದು ಐದಾರು ಬಾಗಿಲುಗಳಿವೆ. ತಪ್ಪು ಬಾಗಿಲು ತಟ್ಟಿದ ಅರ್ಜಿ ಸರಿಯಾದ ಕಚೇರಿಗೆ ತಲುಪದೆ ಉಳಿಯುವ ಅಪಾಯವಿದೆ. ನ್ಯಾಯಮಂಡಳಿಯ ಹೊಣೆ ಹೊತ್ತ ಕಂದಾಯ ಅಧಿಕಾರಿಗಳಿಗೆ ಭೂದಾಖಲೆ, ಚುನಾವಣೆ, ಪ್ರಕೃತಿ ವಿಕೋಪ ಪರಿಹಾರಗಳ ಕೆಲಸವೂ ಇರುವುದರಿಂದ 90 ದಿನಗಳ ಗಡುವು ಪಾಲನೆಯಾಗುವುದು ಅಧಿಕಾರಿಯ ಆಸಕ್ತಿಯನ್ನು ಅವಲಂಬಿಸುತ್ತದೆ.

ಮೂರನೆಯವರ ಪಾತ್ರ: 2016ರ ಕಾಯ್ದೆಯಲ್ಲಿ ಯಾರು ಬೇಕಾದರೂ ಮಾಹಿತಿ ಕೊಡಬಹುದು, 2007ರ ಕಾಯ್ದೆಯಲ್ಲಿ ಅಶಕ್ತ ಹಿರಿಯರು ಅಧಿಕಾರ ಕೊಟ್ಟವರು ಮಾತ್ರ ಅರ್ಜಿ ಸಲ್ಲಿಸಬಹುದು. ನೆನಪು ಕಳೆದುಕೊಂಡ ಅಥವಾ ಕೂಡಿಹಾಕಲ್ಪಟ್ಟ ವೃದ್ಧರು ಅಧಿಕಾರ ಕೊಡುವ ಸ್ಥಿತಿಯಲ್ಲಿಯೂ ಇರುವುದಿಲ್ಲ. ಅಂತಹ ಸಂದರ್ಭದಲ್ಲಿ ನ್ಯಾಯಮಂಡಳಿಯ ಸ್ವಯಂಪ್ರೇರಿತ ಅಧಿಕಾರವೊಂದೇ ಈ ಕಾಯ್ದೆಯಲ್ಲಿ ಉಳಿಯುವ ದಾರಿ. ನೆರೆಯವರು, ಅಂಚೆಯವರು, ಆರೋಗ್ಯ ಕಾರ್ಯಕರ್ತೆಯರು ಉಪವಿಭಾಗಾಧಿಕಾರಿಗೆ ಬರೆಯುವ ಒಂದು ಪತ್ರ ಆ ಅಧಿಕಾರವನ್ನು ಚಲಾಯಿಸಲು ಕಾರಣವಾಗಬಹುದು.